ಸರಸ್ವತಿ ಎದ್ದು ಹೋದ ನಾಲಿಗಿ

ನವನಗರ, ಹುಬ್ಬಳ್ಳಿ
೫ ಅಕ್ಟೋಬರ್ ೨೦೨೫

ಪ್ರೀತಿಯ ಗೆಳತಿ ಎಡಿತ್‌ಗೆ,

ಬನ್ನಿ ತಗೊಂಡು ಬಂಗಾರಧಾಂಗ ಇರೂಣು ಅಂತ ಪ್ರತಿ ದಸರಾಕ್ಕ ನಿನಗ ಫೋನ್ ಮಾಡಿ ಹೇಳತಿದ್ದೆ. ಈ ಸಲ ಮಾಡಲಿಲ್ಲ. ಸಿಟ್ಟಾಗಬ್ಯಾಡ. ನೀ ಗದಗದಿಂದ ಎಷ್ಟೋ ಸಲ ಫೋನ್ ಹಚ್ಚಿದಿ. ಪ್ರತಿ ಸಲ ನಮ್ಮ ಮನಿಯವರ ಎತ್ತಿ "ಮಲಗ್ಯಾಳ್ರಿ, ಪ್ಯಾಟಿಗೆ ಹೋಗ್ಯಾಳ್ರಿ" ಅಂದ್ರು. ಹಂಗ ಹೇಳ್ರಿ ಅಂದಾಕಿ ನಾನ. ನಿಮ್ಮ ಮನಿಯವರು ಡ್ಯಾನಿಯಲ್ ಅವರ ಮೊಣಕಾಲ ನೋವು ಈಗ ಹೆಂಗೈತಿ? ನಿನ್ನ ಮಗ ಆರನ್‌ಗ ಸಾಲ್ಯಾಗಿನ ನೌಕರಿ ಖಾಯಂ ಆತೇನು?

ನನ್ನ ದನಿ ಹೋಗೇತಿ, ಎಡಿತ್. ಸುತ್ತಿ ಬಳಸಿ ಬರಿಯಾಕ ಹೋದ್ರ ಈ ಪತ್ರ ಮುಗಿಯೂದಿಲ್ಲ, ಅದಕ್ಕ ಮೊದಲ ಹೇಳಿಬಿಟ್ಟೆ.

ಕುತಿಗ್ಯಾಗಿನ ಗಂಟು ತಗಸೂದೈತಿ ಅಂತ ಬ್ಯಾಸಿಗ್ಯಾಗ ನಿನಗ ಹೇಳಿದ್ದೆ. ಆಪರೇಷನ್ ಆತು. ಗಂಟಿನಾಗ ಕೆಟ್ಟದ್ದೇನೂ ಇರಲಿಲ್ಲ. ಆದ್ರ ದನಿ ಆಡಿಸೂ ನರ ಆ ಗಂಟಿಗೇ ಅಂಟಿಕೊಂಡಿತ್ತಂತ, ಅದಕ್ಕ ಪೆಟ್ಟಾತು. ದನಿ ತಿರುಗಿ ಬರಬಹುದು, ಬರದನೂ ಇರಬಹುದು ಅಂತಾರ ಡಾಕ್ಟರು. ಈಗ ಬರೇ ಪಿಸುಮಾತು, ಒಣಗಿದ ಎಲಿ ಉಜ್ಜಿಧಾಂಗ. ಮಂದಿ ಎಲ್ಲಾ "ಜೀವ ಉಳೀತಲ್ರೀ, ದೊಡ್ಡದು" ಅಂತಾರ. ಖರೇ ಐತಿ. ಆದ್ರ ಯಾವ ಜೀವ ಅಂತ ಕೇಳಾಕ ನನಗ ದನಿ ಇಲ್ಲ.

ಹಾಡು ಕಲಿಯಾಕ ಬರತಿದ್ದ ಹುಡುಗ್ಯಾರು ಒಬ್ಬೊಬ್ಬರ ಬಿಟ್ಟರು. ಯಾರೂ ಕೆಟ್ಟ ಮಾತಾಡಲಿಲ್ಲ. ಪರೀಕ್ಷಾ ಬಂದೈತ್ರಿ ಅಂದ್ರು, ಬಸ್ಸು ಸಿಗೂದಿಲ್ರಿ ಅಂದ್ರು.

ನಮ್ಮ ಮನಿ ಸರಸ್ವತಿ ಪೂಜಾ ನೀ ನೋಡೀದಿ. ಖಂಡೇನವಮಿ ದಿನ ಫೋಟೋದ ಮುಂದ ಪುಸ್ತಕ, ತಂಬೂರಿ, ಹಾರ್ಮೋನಿಯಂ ಪೆಟಗಿ ಇಟ್ಟರ ಅವತ್ತ ಯಾರೂ ಮುಟ್ಟೂಹಂಗಿಲ್ಲ. ಮರುದಿನ ದಶಮಿಗೆ ತಗೊಂಡು ಮೊದಲ ಸ್ವರಾ ಹಚ್ಚಬೇಕು. ಸಣ್ಣಾಕಿ ಇದ್ದಾಗ ನೀ ಕೇಳಿದ್ದಿ, ನಿಮ್ಮ ಉಳದ ದೇವರ ಕೈಯಾಗೆಲ್ಲಾ ಕತ್ತಿ ತ್ರಿಶೂಲ ಅದಾವು, ಈಕಿ ಕೈಯಾಗ ಯಾಕ ವೀಣಾ, ಪುಸ್ತಕ, ಜಪಮಾಲಿ ಅಂತ. ಈಕಿ ಯಾರನ್ನೂ ಹೊಡಿಯೂದಿಲ್ಲ ಅದಕ್ಕ, ಅಂದಿದ್ದೆ. ಈ ವರ್ಷ ಆ ಮಾತು ನೆನಪಾತು. "ಸುಹಾಸಿನಿ ನಾಲಿಗಿ ಮ್ಯಾಲ ಸರಸ್ವತಿ ಕುಂತಾಳ" ಅಂತ ಇಡೀ ಧಾರವಾಡ ಅಂತಿತ್ತು. ಕುಂತಾಕಿ ಒಂದು ಮಾತು ಹೇಳದ ಎದ್ದು ಹೋದ್ಲಲ್ಲ. ನಾ ಫೋಟೋ ಇಳಿಸಿ ಕಪಾಟಿನ್ಯಾಗ ಇಟ್ಟೆ. ಇವರು ಅದನ್ನ ಹೊಳ್ಳಿ ತಗದ್ರು. ರೈಲ್ವೆ ನೌಕರಿ ಮನಶ್ಯಾ, ದೇವರ ಕ್ವಾಣ್ಯಾಗ ಒಂದ ಊದಿನಕಡ್ಡಿ ಹಚ್ಚಿದವರಲ್ಲ. ಪಂಢರಿನಾಥ ಅನ್ನೂ ಹೆಸರಷ್ಟ ದೇವರದು. ತಾವ ಕುಂತು ಪುಸ್ತಕ ಜೋಡಿಸಿದ್ರು, ತಂಬೂರಿ ಒರಿಸಿ ಇಟ್ಟರು. ನಾ ಹೊರಗ ಬರಲಿಲ್ಲ.

ದಶಮಿ ದಿನ ಮಧ್ಯಾಹ್ನ ಯಾಸ್ಮಿನ ಬಂದ್ಲು. ಗೋಕುಲ ರಸ್ತೆದಾಗ ಗ್ಯಾರೇಜ್ ಇಟ್ಟಾರಲ್ಲ ರಸೂಲಸಾಬ, ಅವರ ಮಗಳು. ಸಣ್ಣ ಫ್ರಾಕ್ ಹಾಕ್ಕೊಂಡು ಬಂದಾಗಿಂದ ನನ್ನ ಕಡೆ ಕಲತಾಕಿ. ಪ್ರತಿ ವರ್ಷಧಾಂಗ ತಂಬೂರಿ ಎತ್ತಿಕೊಂಡು ಕುಂತ್ಲು. ಭೀಮಪಲಾಸ ರಾಗ ಶುರು ಮಾಡಿದ್ಲು. ಒಂದು ಕಡೆ ಗಾಂಧಾರ ಸ್ವರ ಚೂರು ಮ್ಯಾಲ ಹೋತು. ಮೊದಲಾಗಿದ್ರ ಒಮ್ಮೆ ಹಾಡಿ ತೋರಸ್ತಿದ್ದೆ, ಮುಗೀತಿತ್ತು. ಈಗ ಕೈಲೆ ಇಳಿಸು ಅಂದೆ, ಹೆಚ್ಚು ಇಳಿಸಿದ್ಲು. ಏರಿಸು ಅಂದೆ, ಏರಿಸಿದ್ಲು. ಬಾಯಿ ತಗದೆ, ಗಾಳಿ ಬಂತು. ಮತ್ತ ತಗದೆ, ಮತ್ತ ಗಾಳಿ. ನೆಲಾ ಗುದ್ದಿ ಅತ್ತೆ, ಎಡಿತ್. ಅಳೂದಕ್ಕೂ ದನಿ ಬೇಕು ಅಂತ ಅವತ್ತ ಗೊತ್ತಾತು.

ಯಾಸ್ಮಿನ ತಂಬೂರಿ ನಿಲ್ಲಿಸಲಿಲ್ಲ. ನನ್ನ ಅಳು ಇಳದ ಮ್ಯಾಲ ಹೇಳಿದ್ಲು, ಅಪ್ಪ ಅಕಿನ್ನ ಧಾರವಾಡದಾಗ ಬ್ಯಾರೆ ಗುರುಗಳ ಕಡೆ ಹಚ್ಚಾಕತ್ತಾನಂತ. "ನೀವು ಹೂಂ ಅಂದ್ರ ಹೋಗತೇನ್ರಿ ಅಕ್ಕಾರ. ಬ್ಯಾಡ ಅಂದ್ರ ಇಲ್ಲೇ ಸುಮ್ನ ಕುಂದರತೇನ್ರಿ."

ಹೋಗು ಅಂತ ತಲಿ ಮ್ಯಾಲ ಕೈ ಇಟ್ಟೆ. ಕಾಲಿಗೆ ಬಿದ್ದು, ಮತ್ತ ಕುಂತು, ಅದ ಭೀಮಪಲಾಸ ಪೂರ್ತಿ ಹಾಡಿದ್ಲು. ಮೇಲಿನ ಷಡ್ಜದಿಂದ ಇಳಿಯೂವಾಗ ನಾ ಒಂದು ಸಣ್ಣ ತಿರುವು ತಗೋತಿದ್ದೆ. ಅದನ್ನ ನಾ ಯಾರಿಗೂ ಕಲಿಸಿಲ್ಲ, ಕಲಿಸಾಕ ಬರೂದೂ ಇಲ್ಲ. ಆ ತಿರುವು ಅಕಿ ಕೊರಳಾಗ ಇತ್ತು.

ಸರಸ್ವತಿ ಅಂದ್ರ ಹರಿಯಾಕಿ ಅಂತ ಅರ್ಥ, ಅಕಿ ಮೊದಲ ನದಿ, ಆಮ್ಯಾಲ ದೇವಿ. ಇದನ್ನ ಎಷ್ಟೋ ಹುಡುಗ್ಯಾರಿಗೆ ನಾನ ಹೇಳೇನಿ. ಹರಿಯಾಕಿ ಒಬ್ಬರ ನಾಲಿಗಿ ಮ್ಯಾಲ ಕುಂದರಾಕ ಬಂದಿರೂದಿಲ್ಲ, ದಾಟಿ ಹೋಗಾಕ ಬಂದಿರತಾಳ. ಅವತ್ತ ಅರ್ಥ ಆತು. ಸಮಾಧಾನ ಆಗಲಿಲ್ಲ. ನೀರು ಮುಂದ ಹೋತು ಅಂತ ತಿಳಕೊಂಡ್ರ ಒಣಗಿದ ಹಳ್ಳಕ್ಕ ನೀರಡಿಕಿ ಕಡಿಮಿ ಆಗತೈತೇನು?

ಇರಲಿ. ನಿಮ್ಮ ಚರ್ಚಿನ ಹಾಡಿನ ಗುಂಪಿಗೆ ಕ್ರಿಸ್‌ಮಸ್ ತಯಾರಿ ಇನ್ನ ಶುರು ಆಗತೈತಿ. ಕೊರಳು ಜೋಪಾನ ಮಾಡ್ಕೋ, ತಂಪು ಕುಡೀಬ್ಯಾಡ. ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ದೇವರು, ನನ್ನ ದೇವರು, ಇಬ್ಬರೂ ಕೂಡಿ ನಿಮ್ಮನ್ನ ಛಲೋ ಇಡಲಿ.

ನಿನ್ನ
ಸುಹಾಸಿನಿ

ತಾ.ಕ.: ಅವ್ವನ ಸುದ್ದಿ ಬರೀಲಿಲ್ಲ ಅಂತ ನೀ ಕೇಳೇ ಕೇಳತಿ. ಬರಿಯಾಕ ಆಗದ ಮಡಿಚಿದ ಪತ್ರ ಮತ್ತ ಬಿಚ್ಚೇನಿ.

ಅವ್ವಗ ಹ್ವಾದ ವರ್ಷದಿಂದ ಕಣ್ಣು ಪೂರ್ತಿ ಹೋಗ್ಯಾವು, ನೆನಪೂ ಸವದೈತಿ. ಅಕಿ ನನ್ನ ಗುರ್ತು ಹಿಡೀತಿದ್ದದ್ದು ದನೀಲೆ. ದವಾಖಾನಿಯಿಂದ ಬಂದು "ಅವ್ವಾ" ಅಂದೆ. "ಯಾರವಾ ನೀ?" ಅಂದ್ಲು. ಇವಳ ಸುಹಾಸಿನಿ ಅಂತ ಇವರು ಎಷ್ಟು ಹೇಳಿದ್ರೂ ನಂಬೂದಿಲ್ಲ. ನನ್ನ ಮಗಳು ಸತ್ತಾಳ, ನೀವು ಮುಚ್ಚಿಡಾಕತ್ತೀರಿ ಅಂತ ಅಳತಾಳ.

ಅವತ್ತ ಯಾಸ್ಮಿನ ಹಾಡೂದು ಮುಗದ ಕೂಡಲೆ ಒಳಗಿಂದ ಅವ್ವ ಕರದ್ಲು. "ಸುಹಾಸೀ, ಬಂದ್ಯಾ?" ಯಾಸ್ಮಿನ ಗಾಬರಿಯಾಗಿ ನನ್ನ ಮಾರಿ ನೋಡಿದ್ಲು. ಹೋಗು ಅಂತ ಕೈ ಮಾಡಿದೆ. "ಹೂಂ ಅವ್ವಾ, ಬಂದೆ" ಅಂತ ಹೋದ್ಲು. ಅವ್ವ ಅಕಿ ಗಲ್ಲ ಹಿಡಕೊಂಡು, ಬನ್ನಿ ಕೊಟ್ಟು, ಎಲ್ಲಿ ಹೋಗಿದ್ದಿಯವಾ ಇಷ್ಟು ದಿನ ಅಂತ ಕೇಳಿದ್ಲು. ನಾ ಬಾಗಲದಾಗ ನಿಂತಿದ್ದೆ.

ಎಡಿತ್, ನಿನ್ನ ದನಿ ಅವ್ವ ಮರತಿಲ್ಲ. ಫೋನ್ ಬಂದಾಗ ಎಡಿತ್ ಏನು ಅಂತ ಕೇಳತಾಳ. ಒಮ್ಮೆ ಬಾ. ನನ್ನ ಕೈ ಅಕಿ ಕೈಯಾಗ ಇಟ್ಟು, ಇವಳ ನಿನ್ನ ಸುಹಾಸಿ ಅಂತ ನೀ ಹೇಳು. ಲಗೂ ಬಾ, ಅಕಿ ಭಾಳ ಸೋತಾಳ.

ನಿನ್ನೆ ಊಟಾ ಮಾಡಿಸುವಾಗ ನನ್ನ ಕೈ ಸವರಿ ಅಂದ್ಲು, "ಛಲೋ ಹುಡುಗಿ ಅದಿ ತಂಗಿ. ನಿನಗ ಅವ್ವ ಅದಾಳೇನು?"

ಅದಾಳ ಅಂತ ಗೋಣು ಹಾಕಿದೆ. ಅಕಿಗೆ ಅದೂ ಕಾಣಲಿಲ್ಲ.