ಅಂಗಳದಲ್ಲಿ ಅಣ್ಣನ ಒಲೆ

ಮಧುಗಿರಿ, ೩ ಡಿಸೆಂಬರ್ ೧೯೩೭

ಬರೆಯಬೇಕಂತೆ. ಈ ವಯಸ್ಸಿನಲ್ಲಿ. ಮದುವೆಯಾದ ಮೇಲೆ ಮಿಷನ್ ಸ್ಕೂಲಿನಲ್ಲಿ ಚಿಳ್ಳೆಪಿಳ್ಳೆಗಳ ಪಕ್ಕ ಕೂತು ಎರಡನೇ ಪುಸ್ತಕ ಮುಗಿಸಿ, ಸ್ಲೇಟು ಬಿಸಾಕಿ ಎದ್ದು ಬಂದವಳು ನಾನು. ಈಗ ಲೇಡಿ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದು, "ಬ್ಲಡ್ ಪ್ರೆಶರ್ ಜಾಸ್ತಿ ಇದೆ ಶಾಂತಮ್ಮ, ಕೋಪ ಮಾಡ್ಕೋಬೇಡಿ" ಅಂದಳು. ಸೊಸೆ ಕೃಪಾವತಿ ಸ್ಕೂಲು ಮೇಡಮ್ಮು. ಸುಮ್ಮನಿರುತ್ತಾಳಾ? "ಸಿಟ್ಟು ಬಂದಾಗ ಕೂಗಬೇಡಿ ಅತ್ತೆ, ಇದರಲ್ಲಿ ಬರೀರಿ. ನಾನಂತೂ ಓದಲ್ಲ" ಅಂತ ಪುಸ್ತಕ ಕೊಟ್ಟಳು. ಕೊಟ್ಟದ್ದಕ್ಕೇ ಸಿಟ್ಟು ಬಂತು. ಬರೆದೆ. ಆಯಿತು.

ಶಾಂತಮ್ಮ ಅಂತ ಹೆಸರಿಟ್ಟ ಪಾದ್ರಿಗೆ ನನ್ನ ಬಾಯಿ ಗೊತ್ತಿರಲಿಲ್ಲ. ನಾನು ಹುಟ್ಟಿದ ಹಟ್ಟಿಯಲ್ಲಿ ಕಾಟಮ್ಮ ಅನ್ನುತ್ತಿದ್ದರು. ಅದೇ ಸರಿ ಇತ್ತು.

೫ ಡಿಸೆಂಬರ್

ಕೃಪಾವತಿ ಪ್ಲಾನ್ ಮಾಡಿದ್ದಾಳೆ. ಈ ಸಲದ ಕ್ರಿಸ್‌ಮಸ್ ಊಟ ಗಲಾಟೆ ಇಲ್ಲದೆ ಆಗಬೇಕಂತೆ. ಹೋದ ವರ್ಷ ನಾನು ಸೌಟು ಬಿಸಾಕಿದ್ದು, ಬೆಕ್ಕು ಮೂರು ದಿನ ಮನೆಗೆ ಬಾರದೇ ಹೋಗಿದ್ದು, ಎಲ್ಲ ನೆನಪಿಟ್ಟಿದ್ದಾಳೆ. ಸೌದೆ ಈಗಲೇ ಒಡೆಸಿಡುವುದು. ಕಜ್ಜಾಯ ಒಂದು ವಾರ ಮುಂಚೆ. ಮಸಾಲೆ ಹಿಂದಿನ ದಿನವೇ ಅರೆದು ಮುಗಿಸುವುದು. ಹಬ್ಬದ ದಿನ ನಾನು ಕುರ್ಚಿಯ ಮೇಲೆ ಕೂರುವುದು.

ಕೂತು ಏನು ಮಾಡಲಿ ಅಂದೆ.

"ನಗ್ತಾ ಇರಿ ಅತ್ತೆ."

ಈ ಸಾಲು ಬರೆಯುವಾಗ ಸೀಸದ ಕಡ್ಡಿಯ ಮೊನೆ ಮುರಿಯಿತು.

೯ ಡಿಸೆಂಬರ್

ಮಗ ರತ್ನ ಶಿರಾ ಬಸ್ಸಿನ ಕಂಡಕ್ಟರು. ರಾತ್ರಿ ಬಂದವನೇ, "ಅವ್ವಾ, ಮಾವನ ಕುರಿಮಂದೆ ಬಂದೈತೆ. ಕೆರೆ ಹಿಂದೆ ಬೊಮ್ಮಣ್ಣನ ಹೊಲದಲ್ಲಿ ನಿಲ್ಲಿಸವ್ರೆ" ಅಂದ. ರಾಗಿ ಕೊಯ್ದ ಹೊಲಕ್ಕೆ ಗೊಬ್ಬರ ಬೀಳಲಿ ಅಂತ ಮಂದೆ ಕರೆಸುತ್ತಾರೆ. ಬುಕ್ಕಾಪಟ್ಟಣದ ಆಚೆಯಿಂದ ಮಂದೆ ಹೊಡೆದುಕೊಂಡು ಇಷ್ಟು ಹತ್ತಿರಕ್ಕೆ ಯಾವತ್ತೂ ಬಂದದ್ದಿಲ್ಲ ನನ್ನ ಅಣ್ಣ ಕ್ಯಾತಣ್ಣ.

ಪ್ಲೇಗಿನ ವರ್ಷ ಮಿಷನ್ನಿನವರು, ಈಗ ಇಲ್ಲದ ನನ್ನ ಯಜಮಾನರನ್ನು ಆಗ ಉಳಿಸಿದರು. ನಾವಿಬ್ಬರೂ ಈ ಮತಕ್ಕೆ ಬಂದೆವು. ಅವತ್ತಿಂದ ಅಣ್ಣ ನನ್ನ ಮನೆಯಲ್ಲಿ ನೀರು ಸಹ ಮುಟ್ಟಿಲ್ಲ. ಬರುತ್ತಾನೆ. ಬಾಗಿಲ ಹೊರಗೆ ನಿಲ್ಲುತ್ತಾನೆ. ಒಂದು ಕಂಬಳಿ ಕೊಡುತ್ತಾನೆ, ಹೋಗುತ್ತಾನೆ. ಮೂವತ್ತು ವರ್ಷಕ್ಕೂ ಮೇಲಾಯಿತು. ಮನೆ ತುಂಬ ಕಂಬಳಿ.

ಕ್ರಿಸ್‌ಮಸ್‌ಗೆ ಊಟಕ್ಕೆ ಬರಬೇಕು ಅಂತ ಹೇಳಿಕಳಿಸಿದ್ದೇನೆ.

೧೧ ಡಿಸೆಂಬರ್

ಅಣ್ಣನ ಉತ್ತರ ತಂದ ರತ್ನ. "ಬತ್ತೀನಿ, ನಿಂತ್ಕೊಂಡು ಮಾತಾಡಿ ಹೋಯ್ತೀನಿ. ಉಣ್ಣಾಕೆ ಮಾತ್ರ ಆಗಾಕಿಲ್ಲ ಕಣ್ಲಾ. ನಿಮ್ಮವ್ವನ ಕೈಯಡುಗೆ ಉಂಡೆ ಅಂದ್ರೆ ಹಟ್ಟಿ ಯಜಮಾನ್ರು ಕಟ್ಟೆಮನೆ ನ್ಯಾಯಕ್ಕೆ ಕರೆಸ್ತಾರೆ" ಅಂದನಂತೆ.

ಸಿಟ್ಟು. ಸಿಟ್ಟು. ಸಿಟ್ಟು. ಬರೆದರೂ ಹೋಗುವುದಿಲ್ಲ ಇದು.

೧೨ ಡಿಸೆಂಬರ್, ಭಾನುವಾರ

ಪ್ರಾರ್ಥನೆ ಮುಗಿಸಿ ನೇರ ಬೊಮ್ಮಣ್ಣನ ಹೊಲಕ್ಕೇ ಹೋದೆ. ಅಣ್ಣ ಮೂರು ಕಲ್ಲು ಹೂಡಿ ಮುದ್ದೆಗೆ ಹಿಟ್ಟು ಬೇಯಿಸುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ಜಗಳ ಆಡೋಣ ಅಂತಲೇ ಹೋದದ್ದು. ಆ ಕಲ್ಲು ನೋಡಿ ಬೇರೆ ಮಾತು ಬಂತು.

"ಅಣ್ಣ, ಈ ಕಲ್ಲನ್ನ ನನ್ನ ಅಂಗಳದಾಗೆ ಹೂಡಿದ್ರೆ ಏನಾಯ್ತದೆ?"

"ಯಾಕೆ?"

"ಒಲೆ ನಿಂದು. ಮಡಕೆ ನಿಂದು. ನೀನೇ ಬೇಯ್ಸು, ನೀನೇ ಉಣ್ಣು. ನಾವೂ ಉಣ್ತೀವಿ. ನೀನು ಮಾಡಿದ್ದು ನಾವು ಉಣ್ಣಬಾರ್ದು ಅಂತ ಯಾವ ಹಟ್ಟಿ ಯಜಮಾನನೂ ಹೇಳಿಲ್ಲ."

ಬಹಳ ಹೊತ್ತು ಕೆಮ್ಮಿದ. ನಗುತ್ತಿದ್ದ ಅಂತ ಆಮೇಲೆ ತಿಳಿಯಿತು.

"ಹಬ್ಬಕ್ಕೆ ಕರ್ದೋಳು ನನ್ನ ಕೈಲೇ ಅಡುಗೆ ಮಾಡಿಸ್ತೀಯಲ್ಲೇ ಕಾಟಿ."

"ಡಾಕ್ಟರು ನಂಗೆ ಕೂತ್ಕೋ ಅಂದವ್ರೆ."

"ಹಂಗಾರೆ ಒಂದು ಮಾತು. ನನ್ನ ಒಲೆ ತಾವ ಬರಬಾರ್ದು, ಯಾವುದೂ ಮುಟ್ಟಬಾರ್ದು. ಉಪ್ಪು ಜಾಸ್ತಿ, ಉರಿ ಕಮ್ಮಿ ಅಂತ ಬಾಯಿ ಹಾಕಬಾರ್ದು. ಆಯ್ತದಾ ನಿನ್ನ ಕೈಲಿ?"

ಆಯ್ತದೆ ಅಂದೆ. ದೇವರೇ ಕಾಪಾಡಬೇಕು.

೨೦ ಡಿಸೆಂಬರ್

ಎಂಟು ದಿನ ಬರೆದಿಲ್ಲ. ಸಿಟ್ಟು ಬರಲಿಲ್ಲ, ಅದಕ್ಕೇ. ಕಜ್ಜಾಯ ಮೆತ್ತಗೆ ಬಂದಿವೆ. ಕೃಪಾವತಿ ಹಾಡಿಕೊಂಡು ಅಂಗಳ ಸಾರಿಸಿದಳು. ಕಾಳು, ರಾಗಿ ಹಿಟ್ಟು, ಮೆಣಸಿನಕಾಯಿ, ಕೊಬ್ಬರಿ, ಎಲ್ಲ ಹಸಿ ಸಾಮಾನೇ ಮೊರದಲ್ಲಿ ಜೋಡಿಸಿಟ್ಟಿದ್ದೇನೆ. ಅರೆಯುವ ಹಾಗಿಲ್ಲ, ಹುರಿಯುವ ಹಾಗಿಲ್ಲ, ನನ್ನ ಕೈಯಡುಗೆ ಆಗಿಬಿಡುತ್ತದೆ. ಇಷ್ಟು ಹಗುರವಾದ ಹಬ್ಬ ನಾನು ಕಂಡೇ ಇಲ್ಲ. ಪ್ಲಾನ್ ತನ್ನದೇ ಅಂತ ಕೃಪಾವತಿ ಸ್ಕೂಲಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಹೇಳಿಕೊಳ್ಳಲಿ.

೨೪ ಡಿಸೆಂಬರ್

ಅಯ್ಯೋ ನನ್ನ ಬುದ್ಧಿಗೆ. ಹುಂಜ.

ದೀಪಾವಳಿಯಿಂದ ಹಬ್ಬಕ್ಕೆ ಅಂತ ಸಾಕಿದ ಹುಂಜ ಹಿತ್ತಲಲ್ಲಿದೆ. ನಮ್ಮ ಹಟ್ಟಿಯವರು ಕೋಳಿ ತಿನ್ನುವುದಿರಲಿ, ಹಟ್ಟಿಯೊಳಗೆ ಬಿಟ್ಟುಕೊಳ್ಳುವುದೂ ಇಲ್ಲ. ಹುಟ್ಟಿದಾಗಿಂದ ಗೊತ್ತಿದ್ದದ್ದು. ಪೇಟೆಯಲ್ಲಿದ್ದು ಇದ್ದು ಮರೆತೇಬಿಟ್ಟೆ. ಅದರ ಸದ್ದು ಕೇಳಿದರೆ ಅಣ್ಣ ಕಲ್ಲು ಹೊತ್ತುಕೊಂಡು ವಾಪಸು ಹೋಗುತ್ತಾನೆ. ಕೃಪಾವತಿ ಅದನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಹೋಗಿ ಎದುರುಮನೆ ಹೊನ್ನಕ್ಕನ ಹಿತ್ತಲಲ್ಲಿ ಕಟ್ಟಿ ಬಂದಳು. ಪುಕ್ಕ ಕೂಡ ಬಿಡದೆ ಗುಡಿಸಿದೆ.

೨೫ ಡಿಸೆಂಬರ್, ಸಂಜೆ

ಬರೆದೇ ಮಲಗಬೇಕು.

ಚರ್ಚಿನಿಂದ ಬರುವಷ್ಟರಲ್ಲಿ ಅಣ್ಣ ಬಂದಿದ್ದ. ಕಂಬಳಿ, ಮಡಕೆ, ತಟ್ಟೆ, ನೀರಿನ ಸೋರೆಬುರುಡೆ, ತನ್ನದೇ ಮಂದೆಯ ಟಗರಿನ ಬಾಡು. ಬೇವಿನ ಮರದ ಕೆಳಗೆ ಕಲ್ಲು ಹೂಡಿ ಬೆಂಕಿ ಹಚ್ಚಿದ. ನಾನು ಕುರ್ಚಿಯ ಮೇಲೆ.

ಆಗ ಕೂಗಿತು ಹಾಳು ಹುಂಜ. ಹಗ್ಗ ಕಿತ್ತುಕೊಂಡು ಬಂದು ನಮ್ಮ ಹೆಂಚಿನ ಮೇಲೇ ನಿಂತಿದೆ. ರತ್ನ ಕಲ್ಲು ಹುಡುಕಿದ. ಕೃಪಾವತಿ ಮುಖ ಮುಚ್ಚಿಕೊಂಡಳು. ಅಣ್ಣ ತಲೆ ಎತ್ತಲೇ ಇಲ್ಲ. ಬೆಂಕಿ ಊದುತ್ತಾ, "ಈಚೆಗೆ ನಂಗೆ ಕಿವೀನೇ ಕೇಳಾಕಿಲ್ಲ ಕಣಮ್ಮ" ಅಂದ. ಎರಡು ಫರ್ಲಾಂಗು ದೂರದಲ್ಲಿ ಮರಿ ಅರಚಿದರೆ ಯಾವ ಮರಿ ಅಂತ ಹೇಳುವವನು.

ಖಾರ ಸೀಯಿಸಿದ. ಸುಮ್ಮನಿದ್ದೆ. ಕಾಳು ಬೇಯುವ ಮುಂಚೆ ಉಪ್ಪು ಹಾಕಿದ. ಸುಮ್ಮನಿದ್ದೆ. ಸೆರಗಿನ ಅಂಚು ಹಲ್ಲಿನಲ್ಲಿ.

ಆಮೇಲೆ ಹಿಟ್ಟು. ಒಬ್ಬನಿಗೆ ತೊಳಸಿ ಅಭ್ಯಾಸ ಅವನಿಗೆ. ಇವತ್ತು ನಾಲ್ಕು ಜನಕ್ಕೆ ಎಸರಿಟ್ಟಿದ್ದ. ಕೋಲು ಒಂದು ಕಡೆ ಹೋದರೆ ಇನ್ನೊಂದು ಕಡೆ ಗಂಟು. ಕೃಪಾವತಿ ನನ್ನ ಕಡೆ ನೋಡಿ ಗಾಳಿಯಲ್ಲಿ ಬರೆಯುವ ಹಾಗೆ ಬೆರಳಾಡಿಸಿದಳು. ಏನು ಬರೆಯುವುದು? ಹಿಟ್ಟು ಹಾಳಾಗುತ್ತಿದೆ.

ಎದ್ದೆ. ಕೋಲು ಕಿತ್ತುಕೊಂಡೆ.

"ಆಚೆಗೆ ಸರಿ ಅಣ್ಣ. ಇಷ್ಟು ವರ್ಷ ಹಿಟ್ಟು ತಿಂದಿದ್ದೀಯೋ, ಗಂಟೇ ನುಂಗಿದ್ದೀಯೋ."

ಕವೆಗೋಲಿನಲ್ಲಿ ಮಡಕೆ ಅದುಮಿ ಹಿಡಿದು ತೊಳಸಿದೆ, ತೊಳಸಿದೆ. ಗಂಟೆಲ್ಲ ಒಡೆದು ಹದಕ್ಕೆ ಬಂತು. ಆಮೇಲೆ ತಿಳಿಯಿತು ಏನು ಮಾಡಿದೆ ಅಂತ. ಕೈ ನಿಂತಿತು. ಅವನ ಮಡಕೆ. ಅವನ ಒಲೆ. ಮುಟ್ಟುವುದಿಲ್ಲ ಅಂತ ಕೊಟ್ಟ ಮಾತು.

ಅಣ್ಣ ಮಡಕೆ ನೋಡಿದ. ನನ್ನ ನೋಡಿದ. ಬೀದಿಯ ಕಡೆ ಒಂದು ಸಲ ನೋಡಿದ. ತಟ್ಟೆ ಎಳೆದುಕೊಂಡು ಚಕ್ಕಳಮಕ್ಕಳ ಕೂತ.

"ಯಾಕೆ ನಿಲ್ಲಿಸ್ದೆ? ಆರೋಯ್ತದೆ. ಮುದ್ದೆ ಕಟ್ಟು."

ಕಟ್ಟಿದೆ. ನೀರು ಮುಟ್ಟಿಕೊಂಡು, ಈ ಎರಡು ಕೈಯಲ್ಲೇ. ತಟ್ಟೆಗೆ ಹಾಕಿದೆ. ಮುರಿದ, ಸಾರಿನಲ್ಲಿ ಅದ್ದಿದ, ನುಂಗಿದ. ಎರಡನೆಯದಕ್ಕೂ ತಟ್ಟೆ ಮುಂದೆ ಮಾಡಿದ. ಹೆಂಗೈತೆ ಅಂತ ರತ್ನ ಕೇಳಿದ.

"ಸಾರು ಸುಮಾರು. ಹಿಟ್ಟು ಪರವಾಗಿಲ್ಲ."

ನಗು ತಡೆಯಲಾಗದೆ ಕೃಪಾವತಿಗೆ ಖಾರ ನೆತ್ತಿಗೇರಿತು. ನಾಲ್ಕೂ ಜನ ನೆಲದ ಮೇಲೇ ಕೂತು ಉಂಡೆವು. ಕುರ್ಚಿ ಖಾಲಿ ಇತ್ತು. ಹುಂಜ ಬಂದು ಅದರ ಮೇಲೆ ಕೂತಿತು. ಈಗ ಅಣ್ಣನಿಗೆ ಕಣ್ಣೂ ಕಾಣಿಸಲಿಲ್ಲ.

ಹೊರಡುವಾಗ ಕಜ್ಜಾಯದ ಗಂಟು ಕೊಟ್ಟೆ. ಕಂಬಳಿಯೊಳಗೆ ಸೇರಿಸಿದ.

೨೭ ಡಿಸೆಂಬರ್

ಪಟ್ಟಿ ಸುತ್ತಿ ನೋಡಿದರು. ಪ್ರೆಶರ್ ಇಳಿದಿದೆಯಂತೆ. ಕೃಪಾವತಿ ಪುಸ್ತಕದ ವಿಷಯ ಹೇಳಿದಳು. "ಬರೆದದ್ದು ಒಳ್ಳೇದಾಯ್ತು ನೋಡಿ" ಅಂದಳು ಲೇಡಿ ಡಾಕ್ಟರು. ಬರೆದದ್ದರಿಂದಲ್ಲ ಅಂತ ಹೇಳಲಿಲ್ಲ.

೩೦ ಡಿಸೆಂಬರ್

ಮಂದೆ ಕೊರಟಗೆರೆ ಕಡೆಗೆ ಹೊರಟಿತಂತೆ. ರತ್ನನಿಗೆ ಅಣ್ಣ ದಾರಿಯಲ್ಲಿ ಸಿಕ್ಕಿದ್ದ. "ಹಟ್ಟೀಲಿ ಕೇಳಿದ್ರೆ ಒಲೆ ನಂದು, ಮಡಕೆ ನಂದು ಅಂತೀನಿ. ಕೋಲು ಯಾರ ಕೈಲಿತ್ತು ಅಂತ ಯಾರೂ ಕೇಳಾಕಿಲ್ಲ" ಅಂದನಂತೆ. ಕೇಳಿ ಬಹಳ ನಕ್ಕೆ. ನಕ್ಕ ಮೇಲೆ ಸಿಟ್ಟು ಬಂತು. ಒಳ್ಳೆಯ ಸಿಟ್ಟು. ನನ್ನ ಕೈಯಲ್ಲಿ ಉಂಡದ್ದನ್ನು ಮುಚ್ಚಿಡಬೇಕಾ? ಬಾಯಲ್ಲೇ ಆಡಿದೆ, ಕೃಪಾವತಿ ತಡೆಯಲಿಲ್ಲ.

ನಾಳೆ ರತ್ನನನ್ನು ಕೊರಟಗೆರೆ ಬಸ್ಸಿಗೆ ಹತ್ತಿಸಿ ಅಣ್ಣನಿಗೆ ಹೇಳಿಕಳಿಸುತ್ತೇನೆ. ಮಂದೆ ತಿರುಗಿ ಈ ದಾರಿಯಲ್ಲೇ ಬರಬೇಕು. ಆಗ ಅಂಗಳ ಇಲ್ಲ, ಮೂರು ಕಲ್ಲಿಲ್ಲ. ಒಳಗೆ ನನ್ನ ಒಲೆ, ನನ್ನ ಮಡಕೆ, ನನ್ನ ಸಾರು. ಉಣ್ಣುತ್ತೀಯೋ ಇಲ್ಲವೋ ಕ್ಯಾತಣ್ಣ? ಕಂಬಳಿ ಬೇಡ. ಸಂಕ್ರಾಂತಿಗೆ ಮುಂಚೆ, ಜನವರಿ ಹತ್ತರೊಳಗೆ ಉತ್ತರ ಹೇಳಿಕಳಿಸು.