ಕೊಪ್ಪಿರಾಯನ ಮುಖ

ಹುನಗುಂದ
ತಾ. ೮-೧೨-೧೯೮೫, ರವಿವಾರ

ಪ್ರೀತಿಯ ತಮ್ಮ ಹುಲ್ಲಪ್ಪನಿಗೆ,

ನಿನ್ನ ಕೆಮ್ಮು ಹೇಗಿದೆ? ಮದ್ರಾಸಿನ ಉಪ್ಪುಗಾಳಿಗೆ ಅದು ಹೋಗಲಾರದು ಎಂದು ಅವ್ವ ದಿನಾ ಅನ್ನುತ್ತಾಳೆ. ಊಟಕ್ಕೆ ಎಲ್ಲಾದರೂ ರೊಟ್ಟಿ ಸಿಗುತ್ತದೋ, ಇಲ್ಲ ಮೂರು ಹೊತ್ತೂ ಅನ್ನ ತಿಂದು ಹೊಟ್ಟೆ ಬಂದಿದೆಯೋ? ಇಲ್ಲಿ ಅಪ್ಪ ಗಟ್ಟಿಯಾಗಿದ್ದಾನೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಏಳುವಾಗ ಮಾತ್ರ ಮೊಣಕಾಲು ಹಿಡಿಯುತ್ತದೆ. ನಮ್ಮ ಮನೆಯವರು ಈಗ ಅಪ್ಪನ ಜೊತೆಗೇ ಕಂಬಳಿ ನೇಯುತ್ತಾರೆ. ಅವ್ವನ ಎಡಗಣ್ಣಿಗೆ ಪೊರೆ ಬಂದಿದೆ, ಬೇಸಿಗೆಯಲ್ಲಿ ಬಾಗಲಕೋಟೆಯ ದವಾಖಾನೆಗೆ ಕರೆದೊಯ್ಯಬೇಕು. ನಾಗರಪಂಚಮಿಯಿಂದ ಈಚೆಗೆ ನಿನ್ನ ಒಂದು ಸಾಲೂ ಬಂದಿಲ್ಲ. ಟಪಾಲಿನವನು ಓಣಿಗೆ ಬಂದರೆ ಸಾಕು, ಅವ್ವ ಕೈ ಒರೆಸಿಕೊಂಡು ಬಾಗಿಲಿಗೆ ಬರುತ್ತಾಳೆ. ಅಪ್ಪ ನಿನ್ನ ಹೆಸರು ಎತ್ತುವುದಿಲ್ಲ, ಆದರೆ ಅವನೂ ತಲೆ ಎತ್ತಿ ನೋಡುತ್ತಾನೆ. ಕೇಳಬೇಕಾದದ್ದನ್ನು ಕೇಳಿಯಾಯಿತು. ಇನ್ನು ಬೈಯುವುದು ಬಾಕಿ, ಕೂತುಕೊಂಡು ಓದು.

ನಿಮ್ಮ ಕಂಪನಿಯ ಸಿನೆಮಾ ನೋಡಿದೆ. ಹುಬ್ಬಳ್ಳಿಯಲ್ಲಿ ಓಡಿ, ವಿಜಾಪುರದಲ್ಲಿ ಓಡಿ, ಕಡೆಗೆ ದೀಪಾವಳಿಗೆ ಇಳಕಲ್ಲಿನ ಟಾಕೀಜಿಗೆ ಬಂತು. ಅವ್ವನನ್ನು ಕರೆದುಕೊಂಡು ಹೋದೆ. ನಮ್ಮ ಕೊಪ್ಪಿರಾಯನಿಗೆ ನೀವೆಲ್ಲ ಸೇರಿ ಏನು ಗತಿ ಮಾಡಿದ್ದೀರಿ ಎಂದು ಕಣ್ಣಾರೆ ಕಂಡ ಮೇಲೆ ಒಂದು ವಾರ ನಾನು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ರೊಟ್ಟಿ ಬಡಿಯುವಾಗಲೂ ಅದು ನಿಮ್ಮ ನಿರ್ದೇಶಕನ ಕೆನ್ನೆ ಎಂದುಕೊಂಡೇ ಬಡಿದೆ. ಈ ಸಲ ರೊಟ್ಟಿ ಭಾಳ ತೆಳ್ಳಗೆ ಬಂದಿವೆ ಎಂದು ಅಪ್ಪ ಹೊಗಳಿದ. ನಾನು ಸೇಡು ತೀರಿಸಿಕೊಳ್ಳದೆ ಬಿಡುವವಳಲ್ಲ. ಅರ್ಧ ತೀರಿಸಿಕೊಳ್ಳಲು ಹೋಗಿ ಕೆಟ್ಟೆ, ಅದನ್ನು ಮುಂದೆ ಹೇಳುತ್ತೇನೆ. ಉಳಿದರ್ಧ ನಿನ್ನ ಕೈಯಲ್ಲಿದೆ, ಅದಕ್ಕೇ ಈ ಪತ್ರ.

ಮದ್ರಾಸಿಗೆ ಹೋಗಿ ಮರೆತಿದ್ದರೆ ನೆನಪು ಮಾಡಿಕೊಡುತ್ತೇನೆ. ಮುರ್ತುಜಸಾಬನ ಸೈಕಲ್ ಅಂಗಡಿಗೆ ಗುರುವಾರದ ಹುಬ್ಬಳ್ಳಿ ಬಸ್ಸಿನಲ್ಲಿ ವಾರಪತ್ರಿಕೆ ಬರುತ್ತಿತ್ತು. ಅದರ ಕೊನೆಯ ಪುಟದಲ್ಲಿ ಕೊಪ್ಪಿರಾಯನ ಚಿತ್ರಕಥೆ. ನಿನಗಿನ್ನೂ ಒತ್ತಕ್ಷರ ಓದಲು ಬರುತ್ತಿರಲಿಲ್ಲ. ನಾನು ಓದುತ್ತಿದ್ದೆ, ನೀನು ಒಂದೊಂದೇ ಚಿತ್ರದ ಮೇಲೆ ಬೆರಳಿಟ್ಟು ಮುಂದೆ ಸರಿಸುತ್ತಿದ್ದೆ. ಕರಿ ಕಂಬಳಿಯನ್ನು ನಮ್ಮ ಕುರಿಗಾರರ ಹಾಗೆ ಕೊಪ್ಪಿ ಮಾಡಿ ತಲೆಯ ಮೇಲೆ ಹೊದ್ದು, ಕೈಯಲ್ಲಿ ಬಡಿಗೆ ಹಿಡಿದು, ಒಂದು ಕುಂಟ ನಾಯಿಯ ಜೊತೆ ಮಳೆಯಲ್ಲಿ ನಡೆದು ಬರುವ ಮನುಷ್ಯ. ಕುರಿ ಕದ್ದವರನ್ನು, ಬಡವರ ಹೊಲ ನುಂಗಿದವರನ್ನು ಅವರವರ ರುಮಾಲಿನಿಂದಲೇ ಕಟ್ಟಿ ಚಾವಡಿಯ ಮುಂದೆ ಒಗೆದು ಹೋಗುವವ. ಕೊಪ್ಪಿಯೊಳಗೆ ಬರೇ ಕಪ್ಪು ಮಸಿ, ಕಣ್ಣಿಲ್ಲ, ಮೀಸೆಯಿಲ್ಲ. ಆ ಪತ್ರಿಕೆ ನಿಂತುಹೋಗುವ ತನಕ ಅವನ ಮುಖವನ್ನು ಒಬ್ಬರೂ ನೋಡಲಿಲ್ಲ, ಅದಕ್ಕೇ ಅವನು ಎಲ್ಲರ ಮನೆಯವನಾಗಿದ್ದ. ಆಗಿನ್ನೂ ಅಪ್ಪ ಹಿಂಡು ಕಟ್ಟಿಕೊಂಡು ಊರೂರು ಅಲೆಯುತ್ತಿದ್ದ. ಅವನು ಮನೆಗೆ ಬಾರದ ತಿಂಗಳುಗಳಲ್ಲಿ ಕೊಪ್ಪಿಯೊಳಗೆ ಇರುವವನು ಅಪ್ಪನೇ ಎಂದು ನೀನು ನಂಬಿದ್ದೆ. ನಾನು ಅಲ್ಲಿ ನನ್ನ ಮುಖವನ್ನೇ ಇಟ್ಟು ನೋಡುತ್ತಿದ್ದೆ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ, ಈಗ ಹೇಳಿದ್ದೇನೆ, ನಗಬೇಡ.

ಆ ಪುಟಗಳನ್ನು ಕತ್ತರಿಸಿ, ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯನ್ನು ಅವ್ವನ ಕಣ್ಣು ತಪ್ಪಿಸಿ ತಂದು ರಟ್ಟಿಗೆ ಅಂಟಿಸಿದವಳು ನಾನು. ಗಂಜಿಯ ವಾಸನೆಗೆ ಇಲಿ ಬರಬಾರದೆಂದು ಅಟ್ಟದ ಮೇಲೆ ಡಬ್ಬಿಯಲ್ಲಿಟ್ಟು, ಮದುವೆಯಾಗಿ ಮಕ್ಕಳಾದ ಮೇಲೂ ಬಿಸಿಲಿಗೆ ಒಣಗಿಸಿ ಕಾಯ್ದವಳು ನಾನು. ಬೇಸರವಾದಾಗಲೆಲ್ಲ ತೆಗೆದು ಓದುತ್ತಿದ್ದೆ. ಇಡೀ ಕಥೆ ಮೊದಲಿನಿಂದ ಕೊನೆಯ ತನಕ ಇರುವುದು ನಮ್ಮ ಅಟ್ಟದ ಮೇಲೆ ಮಾತ್ರ ಎಂದು ಕಂಪನಿಯವರಿಗೆ ಹೇಳಿ, ಮೂರು ವರ್ಷದ ಹಿಂದೆ ನೀನು ಬಂದು ಆ ಪುಟಗಳನ್ನು ಗಂಟು ಕಟ್ಟಿದೆ. ನಾನು ಅಟ್ಟದ ಏಣಿ ತೆಗೆದು ಅದರ ಮೇಲೇ ಕೂತೆ. “ಮುಖ ತೋರ್ಸಾಕ ಬಿಡಂಗಿಲ್ಲ ಯಕ್ಕಾ, ಮಗ್ಗದ ಆಣಿ” ಎಂದು ನೀನು ಮಗ್ಗ ಮುಟ್ಟಿ ಹೇಳಿದೆ. ಆಮೇಲೆ ಅವ್ವನ ಗಲ್ಲ ಹಿಡಿದು, “ತೆರಿ ಮ್ಯಾಲ ನನ್ನ ಹೆಸರು ಬರ್ತೈತಿ, ಯಕ್ಕ ನಿನಗ ತೋರಿಸ್ತಾಳ” ಎಂದೆ. ಆ ಮಾತಿಗೆ ನಾನು ಏಣಿ ಕೊಟ್ಟೆ. ಅಪ್ಪ ಹೋಗು ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ, ಕುಣಿಯಿಂದ ಮೇಲೆ ಏಳಲೇ ಇಲ್ಲ.

ಈಗ ನಿಮ್ಮ ಸಿನೆಮಾದ ಮಾತು. ಮೊದಲನೆಯ ದೃಶ್ಯದಲ್ಲೇ ನಿಮ್ಮ ಹೀರೋ ಬಾದಾಮಿಯ ಗುಹೆಯ ಮುಂದೆ ಬಿಳಿ ಕುದುರೆಯ ಮೇಲೆ ಬಂದು, ಕೂದಲು ಹಾರಿಸಿ, ಪೌಡರು ಬಡಿದ ಮುಖ ತೆರೆಯ ತುಂಬ ತೋರಿಸಿ ನಕ್ಕ. ಕೊಪ್ಪಿಯೇ ಇಲ್ಲ! ಕಂಬಳಿಯನ್ನು ಕುತ್ತಿಗೆಗೆ ಹೊಳೆಯುವ ಬಿಲ್ಲೆ ಸಿಕ್ಕಿಸಿ ಬೆನ್ನ ಹಿಂದೆ ಇಳಿಬಿಟ್ಟಿದ್ದಾನೆ, ಮದುವೆ ಮನೆಯ ಪರದೆ ಬಿಚ್ಚಿಕೊಂಡು ಓಡಿಬಂದವನ ಹಾಗೆ. ಕೊಪ್ಪಿ ಹಾಕಲು ನಮ್ಮ ಓಣಿಯ ಸಣ್ಣ ಮಕ್ಕಳಿಗೂ ಬರುತ್ತದೆ, ನಿನಗೆ ಬರುತ್ತಿರಲಿಲ್ಲವೇ? ನೀನು ಅಲ್ಲೇ ನಿಂತಿರಲಿಲ್ಲವೇ? ಬಾದಾಮಿಯ ಬಂಡೆಯ ಮೇಲೆ ಕುದುರೆ ಹತ್ತುತ್ತದೆಯೇ? ಕುಂಟ ನಾಯಿಯನ್ನು ಎಲ್ಲಿ ಬಿಟ್ಟು ಬಂದಿರಿ? ನಮ್ಮ ಕೊಪ್ಪಿರಾಯ ಇಡೀ ಕಥೆಯಲ್ಲಿ ಆಡುತ್ತಿದ್ದದ್ದು “ಹಾದಿ ಬಿಡ್ರಿ” ಎಂಬ ಒಂದೇ ಮಾತು. ಅಷ್ಟಕ್ಕೇ ಕಳ್ಳರು ಕದ್ದ ಕುರಿ ಕೆಳಗಿಡುತ್ತಿದ್ದರು. ನಿಮ್ಮವನು ಪಟ್ಟದಕಲ್ಲಿನ ಗುಡಿಯ ಮುಂದೆ ನಿಂತು, ಸಾಲಿ ಪುಸ್ತಕದ ಭಾಷೆಯಲ್ಲಿ, ಕಳ್ಳರಿಗೆ ನಿದ್ದೆ ಬರುವ ತನಕ ಭಾಷಣ ಮಾಡುತ್ತಾನೆ. ಇಡೀ ಸಿನೆಮಾದಲ್ಲಿ ನಮ್ಮ ಮಾತು ಆಡುವವನು ಒಬ್ಬನೇ, ಎಲ್ಲರ ಕೈಲಿ ಹೊಡೆತ ತಿಂದು ಧೋತರ ಬಿಚ್ಚಿಕೊಂಡು ಬೀಳುವ ಆಳು. ಅವನು ಬಾಯಿ ತೆಗೆದರೆ ಜನ ನಗಬೇಕು. ಅವ್ವನೂ ನಕ್ಕಳು. ಆಮೇಲೆ ತಾನೂ ಹೀಗೇ ಮಾತಾಡುವವಳು ಎಂದು ಹೊಳೆದು ಸೆರಗು ಬಾಯಿಗೆ ಹಿಡಿದಳು. ಉಳಿದದ್ದನ್ನೆಲ್ಲ ಕ್ಷಮಿಸಿದರೂ ಇದನ್ನು ನಾನು ಕ್ಷಮಿಸುವುದಿಲ್ಲ.

ಸಿನೆಮಾದವರು ಕಥೆಯನ್ನು ಒಂದಿಷ್ಟೂ ಬದಲಿಸಬಾರದು ಎಂಬ ಹಟ ನನಗಿಲ್ಲ. ಚಿತ್ರದಲ್ಲಿ ಮಳೆಗೆ ಸಪ್ಪಳವಿರಲಿಲ್ಲ, ನಿಮ್ಮಲ್ಲಿ ಇದೆ, ಅದು ಚಂದ. ಒಂದೇ ಒಂದು ದೃಶ್ಯ ನನ್ನ ಕೊಪ್ಪಿರಾಯನದು. ಹೊಂಡದ ದಂಡೆಯ ಮೇಲೆ, ದೂರದಲ್ಲಿ, ಮಳೆಯೊಳಗೆ ಅವನು ಬೆನ್ನು ತೋರಿಸಿ ನಡೆದು ಹೋಗುತ್ತಾನಲ್ಲ, ಅದು. ಅಲ್ಲಿ ಕೊಪ್ಪಿ ಕೊಪ್ಪಿಯ ಹಾಗೇ ಇತ್ತು. ಬಲಗಾಲನ್ನು ತುಸು ಹೊರಗೆ ಹಾಕುವ ನಡಿಗೆ. ನಿಮ್ಮ ಹೀರೋನ ನಡಿಗೆ ಅದಲ್ಲ, ಸುಳ್ಳು ಹೇಳಬೇಡ. ಅವ್ವ ಕತ್ತಲಲ್ಲಿ ನನ್ನ ಮೊಣಕೈ ಹಿಡಿದಳು. ಪೊರೆ ಬಂದ ಕಣ್ಣಿಗೂ ಮಗನ ನಡಿಗೆ ಗೊತ್ತಾಯಿತು.

ಮುಂದೆ ಮತ್ತೆ ಅದೇ ಪೌಡರಿನ ಮುಖ ಬಂದಾಗ ನನಗೆ ತಡೆಯಲಾಗಲಿಲ್ಲ. ಗಂಡಸರ ಕಡೆ ಕೂತಿದ್ದ ಮುರ್ತುಜಸಾಬ ಮೊದಲು “ಯಾಂವಲೇ ಇಂವ?” ಎಂದ. ನಾನು ಹೆಂಗಸರ ನಡುವಿನಿಂದ ಎದ್ದು “ಕೊಪ್ಪಿ ಹಾಕ್ಕೊಳೋ!” ಎಂದು ಕೂಗಿದೆ. ಇಡೀ ಟಾಕೀಜು ನಕ್ಕಿತು. ಆಮೇಲೆ ಅವನ ಮುಖ ಕಂಡಾಗಲೆಲ್ಲ ನೆಲದಲ್ಲಿ ಕೂತ ಹುಡುಗರು, ಬೆಂಚಿನವರು, ಕಡೆಗೆ ಬಾಗಿಲು ಕಾಯುವವನು ಕೂಡ “ಕೊಪ್ಪಿ ಹಾಕ್ಕೊಳೋ” ಎಂದು ಕೂಗಿದರು. ಹೀರೋಯಿನ್ ಜೊತೆ ಮಲಪ್ರಭೆಯಲ್ಲಿ ಕುಣಿಯುವಾಗಲೂ ಬಿಡಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು, ಇನ್ನು ಎರಡು ದಿನದಲ್ಲಿ ಸಿನೆಮಾ ಎತ್ತಂಗಡಿ ಎಂದುಕೊಂಡೆ. ಆದದ್ದೇ ಬೇರೆ. ಹಾಗೆ ಕೂಗುವುದರಲ್ಲಿ ಭಾಳ ಮಜಾ ಇದೆ ಎಂದು ಸುದ್ದಿಯಾಗಿ, ಹುನಗುಂದ, ಅಮೀನಗಡ, ಕೂಡಲಸಂಗಮದ ಕಡೆಯಿಂದಲೂ ಜನ ಕೂಗಲೆಂದೇ ಇಳಕಲ್ಲಿಗೆ ಹೋಗತೊಡಗಿದರು. ನೋಡಿದವರೇ ಮತ್ತೆ ನೋಡಿದರು. ನಾನು ಬೈದದ್ದು ನಿಮ್ಮ ಕಂಪನಿಯ ಡಬ್ಬಿ ತುಂಬಿಸಿತು.

ಹೋದ ಸೋಮವಾರ ನಿಮ್ಮ ಮ್ಯಾನೇಜರು ಜೀಪಿನಲ್ಲಿ ನಮ್ಮ ಮನೆಗೇ ಬಂದ. ಇಳಕಲ್ಲಿನಲ್ಲಿ ಜನ ಖುಷಿಯಿಂದ ಕೊಪ್ಪಿ ಕೊಪ್ಪಿ ಎಂದು ಕೂಗುತ್ತಾರೆಂದು ಯಾರೋ ಅವನ ತಲೆಗೆ ಹಾಕಿದ್ದಾರೆ. ಎರಡನೆಯ ಭಾಗ ತೆಗೆಯುತ್ತಾರಂತೆ. ಸಂಕ್ರಾಂತಿ ಕಳೆದ ಮೇಲೆ ಬಾದಾಮಿಯಲ್ಲಿ ಶೂಟಿಂಗು. ಹೀರೋನ ಹಿಂದೆ ಒಂದು ದಂಡೇ ಕೊಪ್ಪಿ ಹಾಕಿಕೊಂಡು ಬರುತ್ತದಂತೆ, ಅದಕ್ಕೆ ಕೈಮಗ್ಗದ ಕರಿ ಕಂಬಳಿಯೇ ಆಗಬೇಕಂತೆ. ನಮ್ಮಲ್ಲಿ ನೇಯ್ದಿಟ್ಟದ್ದನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದ, ಓಣಿಯ ಉಳಿದ ಮಗ್ಗದವರದ್ದೂ ಬೇಕೆಂದ. ಅಪ್ಪ ಅವನ ಮುಖವನ್ನೂ ನೋಡದೆ “ಮಗಳನ್ನ ಕೇಳ್ರಿ” ಎಂದ.

ಹುಲ್ಲಪ್ಪಾ, ಆಗ ನನ್ನ ತಲೆಯಲ್ಲಿ ಏನೇನು ಬಂತು ಎಂದು ಹೇಳಿದರೆ ನೀನು ನಡುಗುತ್ತೀ. ಗಂಜಿ ಹುಳಿ ಬರಿಸಿ ಹಚ್ಚಲೇ, ಬಾದಾಮಿಯ ಮಂಗಗಳೆಲ್ಲ ನಿಮ್ಮ ದಂಡಿನ ಬೆನ್ನು ಹತ್ತಲಿ ಎಂದುಕೊಂಡೆ. ಮುಳ್ಳು ಆರಿಸದ ಉಣ್ಣೆ ಕೊಡಲೇ, ಹೀರೋ ಭಾಷಣದ ನಡುವೆ ಕೆರೆದುಕೊಳ್ಳಲಿ ಎಂದುಕೊಂಡೆ. ಆದರೆ ನಮ್ಮ ದೇವರು ಬೀರಪ್ಪನ ಗದ್ದುಗೆಗೆ ಹಾಸುವ ವಸ್ತು ಅದು. ಸಿನೆಮಾದವನ ಸಲುವಾಗಿ ಕೆಟ್ಟ ಕಂಬಳಿ ನೇಯಲು ನನಗೆ ಕೈ ಬರಲಿಲ್ಲ. ಅದಕ್ಕೆ ನೆಟ್ಟಗೆ ಹೇಳಿಬಿಟ್ಟೆ. ಎರಡನೆಯ ಭಾಗದಲ್ಲಿ ಕೊಪ್ಪಿರಾಯನ ಮುಖ ಕಾಣಬಾರದು, ಅವನು ನಮ್ಮ ಮಾತೇ ಆಡಬೇಕು, ಕುಂಟ ನಾಯಿ ವಾಪಸ್ ಬರಬೇಕು. ಇಲ್ಲದಿದ್ದರೆ ಕಂಬಳಿ ಇಲ್ಲ. “ಮುಖ ತೋರಿಸದೇ ಹೋದ್ರೆ ಹೀರೋ ಒಪ್ಪಲ್ಲ ಕಣಮ್ಮಾ” ಎಂದು ಮ್ಯಾನೇಜರು ಕೈ ಮುಗಿದ. ಮದ್ರಾಸಿನಲ್ಲಿ ಕೇಳಿಕೊಂಡು ಬನ್ನಿ ಎಂದು ಕಳಿಸಿದೆ. ಓಣಿಯ ಎಲ್ಲ ಮಗ್ಗದವರ ಮನೆಗೂ ಹೋಗಿ ಮಾತು ತಗೊಂಡಿದ್ದೇನೆ. ಅಮೀನಗಡದಲ್ಲಿ ಮಗ್ಗ ಇಟ್ಟಿರುವ ಇಂದ್ರವ್ವ ತನ್ನ ಕಡೆಯವರಿಗೂ ಹೇಳಿದ್ದಾಳೆ. ಬೇರೆ ಕಡೆ ಕೊಂಡುಕೊಳ್ಳುತ್ತೇವೆಂದರೆ ಈ ಸೀಮೆಯಲ್ಲಿ ಅವರಿಗೆ ಒಂದು ಎಳೆಯೂ ಸಿಗುವುದಿಲ್ಲ. ಆ ನಿರ್ದೇಶಕ ನಿನ್ನನ್ನು ಕರೆದು ಕೇಳಿದಾಗ ನೀನು ಅಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲಬೇಡ.

ಕೆಮ್ಮಿಗೆ ರಾತ್ರಿ ಮಲಗುವಾಗ ಬಿಸಿನೀರು ಕುಡಿ, ತಲೆಗೆ ಎಣ್ಣೆ ಹಚ್ಚು. ಸಿಟ್ಟಿನಲ್ಲಿ ಬರೆದಿದ್ದೇನೆ, ಆದರೆ ನಿನಗೆ ಒಳ್ಳೆಯದಾಗಲಿ ಎನ್ನುವುದನ್ನು ಒಂದು ದಿನವೂ ಬಿಟ್ಟಿಲ್ಲ. ಬೀರಪ್ಪ ನಿನ್ನ ಬೆನ್ನಿಗಿರಲಿ. ಅವ್ವನ ಮುದ್ದು, ಮಕ್ಕಳ ನಮಸ್ಕಾರ.

ನಿನ್ನ ಅಕ್ಕ,
ಮಾಯವ್ವ

ತಾ.ಕ.: ಮುರ್ತುಜಸಾಬ ಬಾಗಲಕೋಟೆಗೆ ಹೊರಟಿದ್ದಾನೆ, ಪತ್ರವನ್ನು ಅಲ್ಲಿ ರೈಲಿನ ಟಪಾಲಿಗೆ ಹಾಕುತ್ತಾನಂತೆ. ಬಾಗಿಲಲ್ಲಿ ನಿಂತು ಸೈಕಲ್ ಗಂಟೆ ಬಾರಿಸುತ್ತಿದ್ದಾನೆ. ಮೇಲೆ ಬರೆದ ಕರಾರುಗಳನ್ನೆಲ್ಲ ಬಿಟ್ಟುಬಿಡು. ಸಿನೆಮಾ ಸುರುವಾಗುವ ಮೊದಲು ಹೆಸರುಗಳು ಬಂದವು. ಅವ್ವ ನನ್ನ ಸೆರಗು ಜಗ್ಗಿ “ಯಾವುದವಾ ನಮ್ಮ ಹುಲ್ಲ್ಯಾಂದು?” ಎಂದು ಕೇಳುತ್ತಲೇ ಇದ್ದಳು. ನಾನು ರೆಪ್ಪೆ ಬಡಿಯದೆ ಓದಿದೆ. ಕುದುರೆ ಕೊಟ್ಟವನ ಹೆಸರಿತ್ತು, ಅಡಿಗೆ ಮಾಡಿ ಬಡಿಸಿದವರ ಹೆಸರೂ ಇತ್ತು. ಕಥೆ ಎಂಬಲ್ಲಿ ನಿರ್ದೇಶಕನದೇ ಹೆಸರು. ನಿನ್ನದು ಎಲ್ಲಿಯೂ ಇರಲಿಲ್ಲ. ಕಟ್ಟಕಡೆಗೆ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಅವನ ಹೆಸರೇ ಮತ್ತೊಮ್ಮೆ ಬಂದಾಗ ನಾನು ಅದಕ್ಕೇ ಬೆರಳು ತೋರಿಸಿದೆ. ಓದು ಬಾರದ ಅವ್ವ ಎದ್ದು ನಿಂತು, ತೆರೆಯ ಕಡೆಗೆ ಎರಡೂ ಕೈ ಚಾಚಿ ದೃಷ್ಟಿ ತೆಗೆದು, ಲಟಿಕೆ ಮುರಿದಳು. “ಎಷ್ಟ ದೊಡ್ಡದ ಬರದಾರವಾ” ಎಂದಳು. ನೀನು ಪತ್ರ ಬರೆಯುವುದನ್ನು ಯಾಕೆ ಬಿಟ್ಟೆ ಎಂದು ನನಗೆ ಅಲ್ಲೇ ತಿಳಿಯಿತು. ನಿನ್ನೆ ಅಪ್ಪನಿಗೆ ಎಲ್ಲ ಹೇಳಿದೆ. ಅವನು ಲಾಳಿ ಕೆಳಗಿಟ್ಟು, ಕಂಬಳಿಗಳನ್ನೆಲ್ಲ ತಾನೇ ಹೊತ್ತು ಒಳಕೋಣೆಯಲ್ಲಿಟ್ಟು, ಕೀಲಿ ಹಾಕಿ ನನ್ನ ಕೈಗೆ ಕೊಟ್ಟ. “ಹುಲ್ಲಪ್ಪ ಮುದಕಪ್ಪ ಅಂತ ನನ್ನ ಹೆಸರು ಕೂಡ್ಸಿ ಪೂರಾ ಬರೀಬೇಕಂತ ಹೇಳು” ಎಂದ. ಆ ಹೀರೋ ತನ್ನ ಮುಖ ಬೇಕಾದ ಹಾಗೆ ತೋರಿಸಿಕೊಳ್ಳಲಿ, ಕುದುರೆಯದನ್ನೂ ತೋರಿಸಲಿ, ನಾನು ತುಟಿ ಬಿಚ್ಚುವುದಿಲ್ಲ. ನಿನ್ನ ಹೆಸರು ಬರಬೇಕು. ಅವ್ವ ಮುರಿದ ಲಟಿಕೆ ಆ ಕಳ್ಳನಿಗೆ ಹೋಗಿದೆ. ಅದನ್ನು ಅವನಿಂದ ಕಿತ್ತುಕೊಳ್ಳುವ ತನಕ ಈ ಓಣಿಯಿಂದ ಒಂದು ಕಂಬಳಿಯೂ ಹೊರಗೆ ಹೋಗುವುದಿಲ್ಲ.