ಹಸಿರು ಬೊಟ್ಟಿನ ನಟ್ಟು

ತಮ್ಮಾ,

ಮೂರು ತಿಂಗಳ ಸೇತುವೆ ಕೆಲಸಕ್ಕೆಂದು ಹೊರಟವರು ನಾಲ್ಕು ದಿನ ಕಾರಿನಲ್ಲಿ ಗುಡ್ಡ, ಕಣಿವೆ ಸುತ್ತಿಕೊಂಡು ಬಂದೆವು. ಹೋದ ವರ್ಷ ನಿಮ್ಮ ತಂಡ ಕಟ್ಟಿದ ತೂಗುಸೇತುವೆಯನ್ನು ನಿನ್ನೆ ನೋಡಿದೆವು. ಹದ್ದುಗಳು ನಮ್ಮ ಪಾದಕ್ಕಿಂತ ಕೆಳಗೆ ಹಾರುತ್ತಿದ್ದವು. ನಿನ್ನ ಅತ್ತಿಗೆ ಫೋಟೋ ತೆಗೆಯುತ್ತ ನಡುಮಧ್ಯಕ್ಕೆ ಹೋಗಿದ್ದಳು.

ಬಿಗಿದ ನಟ್ಟಿಗೆ ಬಿಗಿದವನು ತನ್ನ ಬಣ್ಣದ ಬೊಟ್ಟು ಇಡಬೇಕಲ್ಲ; ತಂತಿಯ ಬುಡದ ಆರು ನಟ್ಟುಗಳ ಮೇಲೂ ನಿನ್ನ ಹಸಿರು ಇತ್ತು. ಒಂದನ್ನು ಮುಟ್ಟಿದರೆ ಬೆರಳಲ್ಲೇ ತಿರುಗಿತು!

"ಮೆಲ್ಲಗೆ ವಾಪಸ್ ಬಾ!" ಎಂದು ಕೂಗಿದೆ.

"ಶುರುವಾಯ್ತು ನಿಮ್ದು! ಸೇತುವೆ ಕಂಡ್ರೆ ಸಾಕು," ಎಂದು ಹಲಗೆಯ ಮೇಲೆ ಬೇಕೆಂದೇ ಕುಣಿದಳು. ಅವಳು ಈಚೆ ಬರುವವರೆಗೂ ಆ ನಟ್ಟನ್ನು ಬೆರಳಲ್ಲೇ ಒತ್ತಿ ಹಿಡಿದಿದ್ದೆ.

ಎಲ್ಲಕ್ಕೂ ಮೊದಲೇ ಬೊಟ್ಟಿಟ್ಟು ಆಮೇಲೆ ಬಿಗಿಯುವ ಚಾಳಿ ಬಿಡು ಎಂದು ಎಷ್ಟು ಬಡಕೊಂಡೆ! ಆರೂ ನಟ್ಟು ನಾನೇ ಬಿಗಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಉಳಿದಂತೆ ಚೆನ್ನಾಗಿದ್ದೇವೆ. ಬೊಟ್ಟು ಯಾರದೆಂದು ಅವಳಿಗೆ ಹೇಳಿಲ್ಲ. ಇಲ್ಲಿ ಫೋನ್ ಸಿಗುವುದಿಲ್ಲ. ಈ ಕಾರ್ಡ್ ನಿನ್ನ ಕೈಗೆ ಮುಟ್ಟಿದ ದಿನವೇ ಮೇಸ್ತ್ರಿಯ ಹತ್ತಿರ ಹೋಗಿ ಒಪ್ಪಿಕೋ.

ಇದನ್ನು ಬರೆಯುತ್ತ ತಲೆಯೆತ್ತಿದರೆ ಕಿಟಕಿಯ ಕೆಳಗೇ ಇನ್ನೊಂದು ಕಾಲುಸೇತುವೆ. ಜನ ದಾಟುತ್ತಿದ್ದಾರೆ. ನಟ್ಟುಗಳ ಮೇಲೆಲ್ಲ ಹಸಿರು. ಸ್ಪ್ಯಾನರ್ ಹಿಡಿದು ಹೊರಟೆ.

ಅಣ್ಣ